ಊದುವ ತುಟಿ

ಟೇಬಲ್ ಮ್ಯಾಲ ಹಸಿರು ಬಟ್ಟೆ ಹಾಸಿ
ಡಾಕ್ಟರ್ ಫರ್ಹಾನಾ ಎರಡೂ ಇಟ್ಟು ತೋರಿಸಿದರು.
ಒಂದು ಕಡೆ ಗರಗಸ, ಉಳಿ, ಸಣ್ಣ ಸುತ್ತಿಗಿ.
ಇನ್ನೊಂದು ಕಡೆ ಪೆನ್ನಿನಂಥದ್ದೊಂದು,
ಬಾಲಕ್ಕ ನೀರಿನ ನಳಿಗಿ, ತುದಿಗೆ ಮೀನಿನ ಹಲ್ಲು.

ನಾನು ಮೊದಲು ಉಳಿಗೆ ಕೈ ಹಾಕಿದೆ.
ಮುಟ್ಟಬ್ಯಾಡ ಅನ್ನೋದರೊಳಗ
ಹೆಬ್ಬೆರಳ ಉಗುರಿಗೆ ಅದರ ಬಾಯಿ ಆನಿಸಿ ನೋಡಿದ್ದೆ.
ಚಲೋ ಅದ. ನಮ್ಮದರಷ್ಟು ಚೂಪಿಲ್ಲ.
ಏನು ಕೆಲಸ ನಿಮ್ಮದು, ಅಂದರು.
ಬಿದರಿ, ಅಂದೆ. ಕೆತ್ತೋದು. ಹದಿನೇಳು ವರ್ಷ ಆತು.
ಛತ್ರಿ ಕಡ್ಡಿ ಮಸೆದು ನನ್ನ ಉಳಿ ನಾನೇ ಮಾಡ್ಕೋತೀನಿ.

ಆರು ವರ್ಷದಾಕಿ ಇದ್ದಾಗ ಚೌಬಾರದ ಹತ್ತಿರ
ಗಿರಣಿ ಕಟ್ಟಿ ಮ್ಯಾಲಿಂದ ಬಿದ್ದೆ, ಗದ್ದ ನೆಲಕ್ಕ.
ಹುಡುಗಿ ಬೆಳೆದಳು, ಗದ್ದ ಅಲ್ಲೇ ನಿಂತಿತು.
ಓಣಿಯವರು ಗುಬ್ಬಿ ಅಂದರು. ಅದಕ್ಕಲ್ಲ ನಾನು ಬಂದದ್ದು.
ಅಂಗಾತ ಮಲಗಿದರ ನಾಲಿಗಿ ಹಿಂದ ಸರಿದು
ಉಸಿರು ಬಾಗಿಲ ಹಾಕ್ಕೋತದ.
ಯಜಮಾನರು ರಾತ್ರಿ ಎದ್ದೆದ್ದು ನನ್ನ ಎಬ್ಬಸ್ತಾರ,
ಹಗಲು ಆಟೋದಾಗ ತೂಕಡಿಸ್ತಾರ.

ಕಾಗದದ ಮ್ಯಾಲ ಗೆರಿ ಎಳೆದರು:
ಇಲ್ಲಿ ಕೊಯ್ದು, ಈ ತುಂಡು ಮುಂದ ತಂದು, ತಗಡು, ಸ್ಕ್ರೂ.
ಇಲ್ಲಿ ಎರಡೂ ಕಡೆ ಒಂದೊಂದು ತೂತು,
ಅದರಿಂದ ಬಿಳಿ ಎಳೆ ಹೊರಗ ಬರ್ತದ.
ಕೆಳಗಿನ ತುಟಿಗೆ ತಣ್ಣಗ, ಬೆಚ್ಚಗ ತಿಳಿಸೋದು ಅದೇ.

ಹಂಗಾದರ ಅದಕ್ಕ ಏನೂ ಆಗಬಾರದು, ಅಂದೆ.
ಮಾರಿ ಚಂದ ಆಗಲಿ ಬಿಡಲಿ.
ಉಳಿ ನಡೆದಂಗ ಗೆರಿಯಾಗ ಪುಡಿ ಏಳ್ತದ,
ಎರಡೂ ಕೈ ಕೆಲಸದಾಗ ಇರ್ತಾವ,
ತುಟಿ ಮಡಚಿ ಊದ್ತೀನಿ. ಗೆರಿ ಕಾಣ್ತದ. ಮುಂದಿನ ಏಟು.
ದಿನಕ್ಕ ಸಾವಿರ ಸಲ.

ಗರಗಸ ಜೋರು, ಅಂದರು. ಲಗೂನ ಮುಗೀತದ.
ಆದರ ಎಲುಬು ಯಾವುದು, ಎಳೆ ಯಾವುದು, ಅದಕ್ಕ ಗೊತ್ತಿಲ್ಲ.
ಇದು ನಿಧಾನ. ಕಿವಿಗೆ ಕೇಳದ ದನಿಯಾಗ ನಡಗ್ತದ.
ಕ್ಯಾಂಟೀನಿಂದ ಹಸಿ ತತ್ತಿ ತರಿಸಿ
ಚಿಪ್ಪಿನಾಗ ಚೌಕ ಕೊಯ್ದು ತೋರಿಸಿದರು:
ಚಿಪ್ಪು ಬಂತು, ಒಳಗಿನ ಪೊರಿ ಹಂಗೇ ಇತ್ತು.

ನನಗ ನಗು ಬಂತು. ಇದು ನಮಗ ಗೊತ್ತಿದ್ದದ್ದೇ ರೀ.
ಕೋಟೆಯೊಳಗ ಬಿಸಿಲು ಮಳಿ ಕಾಣದ ಮಣ್ಣು ಅದ,
ಉಸ್ತಾದ್ ಯಾಖೂಬಮಿಯಾ ನಾಲಿಗಿಗೆ ಹಚ್ಚಿ ಆರಿಸ್ತಿದ್ದರು.
ನವಸಾಗರ ಕೂಡಿಸಿ ಕುದಿಸಿ ಅದರಾಗ ಹೂಜಿ ಅದ್ದಿದರ
ಜಸ್ತ ಕರ್ರಗ ಆಗ್ತದ, ಬೆಳ್ಳಿ ತಂತಿ ಬೆಳ್ಳಗೇ ಇರ್ತದ.
ಯಾರನ್ನ ಮುಟ್ಟಬೇಕು, ಯಾರನ್ನ ಬಿಡಬೇಕು,
ಮಣ್ಣಿಗೆ ಯಾರೂ ಕಲಿಸಿಲ್ಲ.

ರೊಕ್ಕ ಜಾಸ್ತಿ ಅದ, ಅಂದರು. ತುದಿಗೇ ಆರು ಸಾವಿರ.
ನಾನು ಕೆತ್ತಿದ ಸುರಾಹಿ ಒಂದು ಮನಿಯಾಗ ಇತ್ತು. ಮಾರಿದೆ.

ಎಚ್ಚರಾದಾಗ ಮಾರಿ ತುಂಬ ಪಟ್ಟಿ.
ಸಿಸ್ಟರ್ ಸುಗಲಾಬಾಯಿ ಮೆಲ್ಲಗ ಹೇಳಿದರು:
ಎಲ್ಲಾ ಆ ಮಶೀನೇ ಕೊಯ್ತು ಜಗದೇವಿ, ನೀರು ಚಿಮ್ಮಿಸ್ಕೋತ,
ನಿಂತು ನಿಂತು ನಮ್ಮ ಕಾಲು ಬಿದ್ದು ಹೋದವು.
ಕೊನಿಗೆ ಹಿಂದಿನ ಗೋಡಿ ಜ್ವಾಳದ ಕಾಳಷ್ಟು ಉಳೀತು.
ಮೇಡಂ ಅದನ್ನ ಬದಿಗಿಟ್ಟು
ಉಳಿ ಕೇಳಿದರು, ಸುತ್ತಿಗಿ ಕೇಳಿದರು.
ಟಕ್. ಟಕ್. ಬಿಟ್ಟಿತು.

ನಗಬೇಕು ಅನಿಸಿತು, ಪಟ್ಟಿ ಬಿಡಲಿಲ್ಲ.

ಈಗ ನಾಲ್ಕು ತಿಂಗಳು.
ಯಜಮಾನರು ಎಬ್ಬಸೋದಿಲ್ಲ,
ಆದರೂ ಎರಡು ಗಂಟೆಗೆ ಇಬ್ಬರೂ ಎಚ್ಚರ.
ಬಲಗಡಿ ತುಟಿಗೆ ಚಹಾದ ಬಿಸಿ ತಿಳೀತದ.
ಎಡಗಡಿ ಮೊದಲು ಬ್ಯಾರೆಯವರ ತುಟಿ ಇದ್ದಂಗಿತ್ತು,
ಈಗ ಇರುವಿ ಹರಿದಂಗ. ಹರೀಲಿ, ಚಲೋ ಲಕ್ಷಣ, ಅಂತಾರ ಡಾಕ್ಟರ್.

ನಿನ್ನೆ ಒಂದು ಎಲಿ ಕೆತ್ತಲಿಕ್ಕ ಕುಂತೆ. ಊದಿದೆ.
ಪುಡಿ ಅರ್ಧ ಹಾರಿತು, ಅರ್ಧ ಅಲ್ಲೇ ಕುಂತಿತು.
ಕಿರುಬೆರಳಲೆ ಒರೆಸಿದೆ.
ಮತ್ತ ಊದಿದೆ.