ಒಂದಕ್ಕೆ ಹತ್ತು

ರುಸ್ತಾವಿಯ ಕಾರುಪೇಟೆಯ ಹಿಂದೆ
ಜುಂಬೆರನ ಶೆಡ್ಡು. ಐದು ಲೀಟರಿನ ಕ್ಯಾನು,
ಮೇಲೊಂದು ಚಿತ್ರವಿಲ್ಲ, ಒಳಗೆ ಪರಿಮಳವಿಲ್ಲ,
ಬರೆದದ್ದಿಷ್ಟೇ: ಒಂದಕ್ಕೆ ಹತ್ತು ನೀರು. ಕೈಗವಸು.

ಎಟೆರಿ ತಂದದ್ದು ಸೂಪರ್‌ಮಾರ್ಕೆಟ್ಟಿನ ಶೀಶೆ:
ಹೋಳು ಮಾಡಿದ ನಿಂಬೆ, ಹಲ್ಲು ಬಿಟ್ಟ ಹೆಂಗಸು,
‘ಎರಡೇ ನಿಮಿಷ!’
ಎರಡು ವರ್ಷ ಉಜ್ಜಿದ್ದಾಳೆ.

‘ಇದು ಗೀರನ್ನು ತುಂಬುತ್ತದೆ, ಅಕ್ಕಾ,
ನಾಲ್ಕು ಮಳೆಗೆ ತೊಳೆದುಹೋಗುತ್ತದೆ.
ನನ್ನದು ತುಂಬುವುದಿಲ್ಲ. ಸುತ್ತಲಿನ ಮೈಯನ್ನೇ
ಗೀರಿನ ತಳಕ್ಕೆ ಇಳಿಸುತ್ತದೆ.’

ಮೀಟರು ಹಿಡಿದ. ಬಾಗಿಲು ತೊಂಬತ್ತು ಮೈಕ್ರಾನು ಅಂದಿತು.
‘ಇನ್ನೊಂದು ಸಲ ತಡೆದೀತು, ಹೆಚ್ಚೆಂದರೆ ಎರಡು.
ಆಮೇಲೆ ತಗಡು.’

ಟ್ಯಾಕ್ಸಿ ಓಡಿಸುವವಳು, ಲೆಕ್ಕ ಬಲ್ಲಳು.
ಶೀಶೆಯನ್ನು ಬೆಳಕಿಗೆ ಹಿಡಿದು ಅಲುಗಿಸಿದಳು:
ತಳದಲ್ಲಿ ಇನ್ನೂ ನಾಲ್ಕು ಬೆರಳು.
‘ಮಾರುವ ದಿನ ಬರುತ್ತೇನೆ ಬಿಡು.
ಅಲ್ಲಿಯವರೆಗೆ ಮಳೆಗೂ ನನಗೂ
ಹೇಗೋ ಬಗೆಹರಿಯುತ್ತದೆ.’

ಜುಂಬೆರ ಕೈಗವಸು ಕಳಚಿದ. ಸಿಪ್ಪೆ ಸುಲಿದ ಬೆರಳು,
ಅವಳ ನಿಂಬೆಯ ಘಮ ಶೆಡ್ಡಿನಲ್ಲಿ ಸ್ವಲ್ಪ ಹೊತ್ತು ನಿಂತಿತ್ತು.

ಹೊರಗೆ ಅವನದೇ ಹಳೇ ಲಾಡಾ.
ಹಿಂಗಾಜಿನ ಧೂಳಲ್ಲಿ ಯಾರೋ ಪೋರ
ಬೆರಳಲ್ಲಿ ಗೀಚಿದ್ದ: ‘ತೊಳಿ.’
ಆರು ತಿಂಗಳಾಯಿತು,
ಅಕ್ಷರ ಇನ್ನೂ ಅಳಿಸಿಲ್ಲ.