ನೊರೆ ಯಾರದ್ದು

ವಾಲ್ಪರೈಸೊ ಬಂದರಿನ ಮೇಲೆ, ಗುಡ್ಡದ ಏಳನೆಯ ತಿರುವಿನಲ್ಲಿ
ನಮ್ಮ ಲಾಂಡ್ರಿ. ಎಂಟು ಯಂತ್ರ, ಒಂದು ಬೆಂಚು.
ಬಟ್ಟೆ ತಿರುಗುವುದನ್ನೇ ನೋಡುತ್ತ ಕೂತವರ ಕಣ್ಣಿಗೆ
ಬೇರೇನಾದರೂ ಇರಲಿ ಎಂದು
ರೊಸಾಲ್ಬಾ ತಂದಳು ಅರವತ್ತು ಲೀಟರಿನ ಗಾಜಿನ ತೊಟ್ಟಿ,
ಮೂರು ಹಿಡಿ ಮರಳು, ಒಂದು ಮರದ ಬೇರು,
ಆರು ನಿಯಾನ್ ಮೀನು.

ಎಂಟನೆಯ ದಿನ, ಬಾಗಿಲು ಹಾಕುವ ಹೊತ್ತಿಗೆ,
ನೀರಿನ ಮೇಲೆ ನೊರೆ.
ಆಗಷ್ಟೇ ಕರೆದ ಹಾಲಿನ ಮೇಲೆ ನಿಂತ ಹಾಗೆ.

ಮೊದಲು ನಗು ಬಂತು.
ನಮಗೆ ಅನ್ನ ಹಾಕುವುದೇ ನೊರೆ.
ಹಡಗಿನವರ ಅಂಗಿಯ ಗ್ರೀಸು, ಹೋಟೆಲಿನ ಹಾಸಿನ ವೈನು,
ಎಲ್ಲ ಅದರ ಬಾಯಿಗೇ.
ಇಪ್ಪತ್ತಾರು ವರ್ಷ ಅದನ್ನು ಎಬ್ಬಿಸಿದ್ದೇನೆ, ಇಳಿಸಿದ್ದೇನೆ.
ಕರೆಯದೆ ಬಂದಾಗಷ್ಟೇ
ಅದರ ಜಾತಕ ನನಗೆ ಗೊತ್ತಿಲ್ಲ ಎಂದು ಗೊತ್ತಾಯಿತು.

ಬೆಂಚಿನವರೆಲ್ಲ ವೈದ್ಯರಾದರು.
ತಿನ್ನಿಸಿದ್ದು ಹೆಚ್ಚಾಯಿತು, ಎಂದ ಅಂಚೆಯ ಎಲಿಯೊದೊರೊ.
ಬೇರು ಕೊಳೆಯುತ್ತಿದೆ, ಎಂದಳೊಬ್ಬಳು ನರ್ಸು.
ಹೊಸ ನೀರು ಬಾಣಂತಿಯ ಹಾಗೆ, ತಿಂಗಳು ತಡೆಯಿರಿ,
ಎಂದರು ಟವೆಲು ಮಡಿಸುತ್ತಿದ್ದ ಅಜ್ಜಿ.
ರೊಸಾಲ್ಬಾಳ ಮಗಳು ಮಿಲ್ಯರಾಯ್, ಹತ್ತು ವರ್ಷ,
ಯಾರೂ ಕೇಳದೆಯೇ ಅಂದಳು:
ನಾನಂತೂ ಎಂಪನಾಡದ ಚೂರು ಹಾಕಿಲ್ಲ.

ಬೇರನ್ನು ಎರಡು ಗಂಟೆ ಕುದಿಸಿದೆವು,
ಚಹಾದ ಬಣ್ಣ ಬಿಟ್ಟಿತು, ಅಷ್ಟೆ.
ಕಾಗದ ಹಾಸಿ ನೊರೆಯನ್ನು ಎತ್ತಿದೆವು.
ತಿನಿಸು ದಿನ ಬಿಟ್ಟು ದಿನ. ನೀರು ಕಾಲು ಭಾಗ ಬದಲು.
ಗುರುವಾರ ಆರಿದ್ದದ್ದು ಐದಾಯಿತು.
ಭಾನುವಾರ ರಜೆ. ಸೋಮವಾರ ಬೆಳಿಗ್ಗೆ ನೀರು ಕನ್ನಡಿ.
ಸೋಮವಾರ ರಾತ್ರಿ ಮತ್ತೆ ನೊರೆ.
ಅಲ್ಲಿಯೇ ನನಗೆ ಹೊಳೆಯಬೇಕಿತ್ತು.

ಮೀನಂಗಡಿಯ ಅಬೆಲಾರ್ದೊ ಗುಡ್ಡ ಇಳಿದು ಬಂದ.
ಬೆರಳಲ್ಲಿ ನೊರೆ ತೆಗೆದ, ಉಜ್ಜಿದ, ಮೂಸಿದ.
ಮೀನಿನದಾದರೆ ಹಳದಿಗಟ್ಟುತ್ತದೆ, ಕೆಸರು ನಾರುತ್ತದೆ.
ಇದು ಜಾರುತ್ತಿದೆ. ಇದಕ್ಕೆ ಲ್ಯಾವೆಂಡರ್ ವಾಸನೆ.
ಬಕೆಟ್ಟು?
ಹೊಸದು, ಎಂದಳು ರೊಸಾಲ್ಬಾ. ಸೋಪಿನ ಮುಖ ಕಂಡಿಲ್ಲ.
ಸ್ಪಂಜು? ಜಾಲರಿ?
ಅವೂ ಹೊಸವು.
ಹಾಗಾದರೆ ಒಳಗೆ ಕೈ ಹಾಕುವವರು ಯಾರು?

ಯಾರೂ ನನ್ನ ಕಡೆ ನೋಡಲಿಲ್ಲ.
ನಾನೇ ಹೆಗಲು ಮುಟ್ಟಿ ನೋಡಿಕೊಂಡೆ.

ಮರಳು ಕಡಿಮೆ. ದಿನವೂ ಒಂದು ಗಿಡ ಬೇರು ಕಿತ್ತು ತೇಲುತ್ತದೆ.
ಸಂಜೆ ಯಂತ್ರಗಳೆಲ್ಲ ನಿಂತ ಮೇಲೆ
ಮೊಣಕೈವರೆಗೆ ಇಳಿಸಿ ಅದನ್ನು ನೆಡುತ್ತೇನೆ.
ಒಂದು ನಿಮಿಷದ ಕೆಲಸ, ಹತ್ತು ನಿಮಿಷ ಮಾಡುತ್ತೇನೆ.
ದಿನವಿಡೀ ಬಿಸಿನೀರು ಕಂಡ ಕೈಗೆ
ಆ ತಂಪು. ಮೀನು ಬಂದು ಬಿರುಕುಗಳನ್ನು ಮೂಸುತ್ತವೆ.
ಇದನ್ನು ಯಾರಿಗೂ ಹೇಳಿರಲಿಲ್ಲ,
ಹೇಳುವಂಥದ್ದು ಎಂದೂ ಅನಿಸಿರಲಿಲ್ಲ.

ಅಬೆಲಾರ್ದೊ ಒಂದು ಲೋಟ ಶುದ್ಧ ನೀರು ಕೇಳಿದ.
ಎಲ್ಲರೆದುರು ಮೂರು ಸಲ ಕೈ ತೊಳೆದೆ,
ಐದೂ ಬೆರಳು ಅದ್ದಿ ಸಕ್ಕರೆ ಕಲಸುವಂತೆ ಕಲಸಿದೆ.
ಎದ್ದಿತು. ಹೆಚ್ಚಲ್ಲ, ಲೋಟದ ಅಂಚಿಗೆ ಒಂದು ಬಳೆಯಷ್ಟು.
ಪ್ರತಿ ಗುಳ್ಳೆಯಲ್ಲೂ ಒಂದೊಂದು ಟ್ಯೂಬ್‌ಲೈಟು.

ಉಗುರಿನ ಸಂದಿಯಲ್ಲಿತ್ತೋ, ಚರ್ಮದ ಬಿರುಕಿನಲ್ಲೋ,
ಉಂಗುರದ ಅಡಿಯಲ್ಲೋ.
ಅವನು ಹೋಗಿ ಒಂಬತ್ತು ವರ್ಷ,
ಗೆಣ್ಣು ಊದಿ ಉಂಗುರ ಮಾತ್ರ ಹೋಗಿಲ್ಲ.
ಸೋಪು ಹಚ್ಚಿ ಎಳೆ, ಬಂದೀತು, ಎಂದಳು ರೊಸಾಲ್ಬಾ,
ಅಂದಮೇಲೆ ಬಾಯಿ ಮುಚ್ಚಿಕೊಂಡಳು.
ಮೊದಲು ನಕ್ಕವಳು ನಾನು.
ನಕ್ಕು ಮುಗಿದ ಮೇಲೆ ಮೀನು ಎಣಿಸಿದೆ. ಐದು.

ಈಗ ಇದ್ದಿಲಿನ ಚೀಲವೊಂದು ಪಂಪಿನಲ್ಲಿ ಕೂತಿದೆ.
ನೊರೆ ಇಲ್ಲ.
ಗಿಡ ಇನ್ನೂ ತೇಲುತ್ತದೆ.
ಮಿಲ್ಯರಾಯ್ ಸ್ಟೂಲು ಹತ್ತಿ ತೋಳು ಮಡಚುತ್ತಾಳೆ,
ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತಿರುತ್ತೇನೆ.
ಎಡಕ್ಕೆ. ಇನ್ನೂ ಆಳಕ್ಕೆ. ಹಾಂ, ಒತ್ತು.
ತಣ್ಣಗಿದೆಯಾ, ಕೇಳುತ್ತೇನೆ.
ತಣ್ಣಗಿದೆ, ಅನ್ನುತ್ತಾಳೆ.