ಹದಿನೇಳರ ಗೋಟಿ

ಹಮ್ದಾನ್ ಮುದುಕ ಈ ಕ್ರೆಸಿಡಾದ ಡಿಕ್ಕಿಯಲ್ಲಿ
ಇಪ್ಪತ್ತು ವರ್ಷ ಮೀನು ಸಾಗಿಸಿದ್ದಾನೆ,
ಕುರಿಯಾತಿನಿಂದ ಮತ್ರಾ ಪೇಟೆಗೆ
ಅಂಜಲ್, ಬಂಗುಡೆ, ಒಮ್ಮೊಮ್ಮೆ ಮರಿ ತಾಟೆ.
ಐಸು ಕರಗಿದ ಉಪ್ಪುನೀರು
ದಾರಿಯುದ್ದ ತೊಟ್ಟಿಕ್ಕಿ ತೊಟ್ಟಿಕ್ಕಿ
ಹಿಂದಿನ ಎಡ ಚಕ್ರದ ಬ್ರೇಕಿನ ಮೇಲೆ.
ಓಣಿಯ ಬೆಕ್ಕುಗಳಿಗೆ ಈ ಕಾರೆಂದರೆ ಪ್ರಾಣ.

ವಾದಿ ಕಬೀರಿನ ಶೆಡ್ಡಿನೊಳಗೆ
ಬೆಳಿಗ್ಗೆ ಏಳಕ್ಕೇ ಪಾನಾ ಕೈ ಸುಡುತ್ತದೆ.
ಜಾಕಿ ಕೊಟ್ಟೆ, ಚಕ್ರ ಬಿಚ್ಚಿದೆ,
ತಂತಿ ಬ್ರಷ್ಷಿನಲ್ಲಿ ತಿಕ್ಕಿದೆ.
ತುಕ್ಕು ಬೆಲ್ಲದ ಪುಡಿಯ ಹಾಗೆ ಉದುರಿತು.
ಕ್ಯಾಲಿಪರ್ ಬಂತು. ಅದನ್ನು ಹಿಡಿದ ಕೊಂಡಿಯ
ಎರಡು ಬೋಲ್ಟಲ್ಲಿ ಮೇಲಿನದು ಬಂತು.
ಕೆಳಗಿನದು, ಊಹೂಂ.

ಎಣ್ಣೆ ಬಿಟ್ಟೆ. ಒಂದು ಚಾ ಕುಡಿದೆ. ಮತ್ತೆ ಬಿಟ್ಟೆ.
ಸುತ್ತಿಗೆಯಲ್ಲಿ ತಲೆಗೆ ತಟ್ಟಿದೆ,
ಸಾಲ ಕೊಟ್ಟವನು ಬಾಗಿಲು ತಟ್ಟುವಂತೆ,
ಮರ್ಯಾದೆಯಿಂದ, ಆದರೆ ಬಿಡದೆ.
ಪಾನಾದ ಬಾಲಕ್ಕೆ ಎರಡು ಮೊಳದ ಪೈಪು ತೊಡಿಸಿ
ಕಾಲು ಕೊಟ್ಟು ಒತ್ತಿದೆ.
ಹನ್ನೆರಡು ಮೂಲೆಯ ನನ್ನ ಗೋಟಿ
ತಲೆಯನ್ನು ಸವರಿಕೊಂಡು ಜಾರಿತು.
ಇನ್ನೊಮ್ಮೆ ಜಾರಿದರೆ ಬೋಲ್ಟು ಗುಂಡಗಾಗುತ್ತದೆ.
ಗುಂಡಗಾದದ್ದು ಆಮೇಲೆ
ಯಾವ ಪಾನಾದ ಮಾತನ್ನೂ ಕೇಳುವುದಿಲ್ಲ.

ಬ್ಯಾಟರಿ ಹಿಡಿದು ಬಗ್ಗಿದಾಗ ಕಂಡಿತು:
ತುಕ್ಕಿನ ಅಡಿಯಲ್ಲಿ ಒಂದು ಕೆಂಪು ಗೆರೆ,
ಬೋಲ್ಟಿನ ತಲೆಯಿಂದ ಕೊಂಡಿಯವರೆಗೆ ಎಳೆದದ್ದು.
ಉಗುರಿನ ಬಣ್ಣ.
ಇದಿನಬ್ಬರದು.

ಏಳು ವರ್ಷದ ಹಿಂದೆ ದಾರ್ಸೈತಿನ ಇಳಿಜಾರಿನಲ್ಲಿ
ಗಿರಾಕಿಯೊಬ್ಬನ ಚಕ್ರ
ಕಾರನ್ನು ಬಿಟ್ಟು ತಾನೇ ಮುಂದೆ ಹೋಯಿತು.
ಯಾರೂ ಸಾಯಲಿಲ್ಲ. ಒಂದು ಖರ್ಜೂರದ ಸಸಿ ಮುರಿಯಿತು.
‘ನಿನ್ನ ಕೈ’ ಎಂದರು ಇದಿನಬ್ಬ.
‘ನಿನ್ನ ಕಣ್ಣು’ ಎಂದೆ ನಾನು.
ಕೆಲಸ ಕಲಿಸಿದವರು.
ಅಲ್ಲಿಯವರೆಗೆ ‘ನೀವು’ ಎನ್ನುತ್ತಿದ್ದೆ.

ಮರುದಿನ ಮತ್ರಾದಿಂದ
ಇನ್ನೂರು ಬೈಸಾದ ಉಗುರುಬಣ್ಣ ತಂದು
ಬಿಗಿದ ಪ್ರತಿಯೊಂದು ಬೋಲ್ಟಿಗೂ ಗೆರೆ ಎಳೆಯತೊಡಗಿದರು,
ನಾನು ನೋಡುವಂತೆ, ಒಂದು ಮಾತೂ ಆಡದೆ.
ಹುಡುಗರು ‘ಮದುಮಗಳ ಕಾರು’ ಎಂದು ನಕ್ಕರು.
ಮೂರು ತಿಂಗಳು ಹೀಗೆ. ಆಮೇಲೆ
ಓಣಿಯ ಆಚೆ ಬದಿಗೆ ಸ್ವಂತ ಶೆಡ್ಡು ಹಾಕಿದರು.

ಆ ಮೂರು ತಿಂಗಳಲ್ಲಿ ಬಿಗಿದದ್ದು ಇದು.
ಅರ್ಧ ಉಪ್ಪು ಹಿಡಿದದ್ದು,
ಅರ್ಧ ಸಿಟ್ಟು.

ಗ್ಯಾಸಿನ ಬೆಂಕಿ ಕೊಡೋಣವೆಂದರೆ
ಪಕ್ಕದಲ್ಲೇ ಬ್ರೇಕಿನ ರಬ್ಬರ್ ಪೈಪು.
ಅದಕ್ಕೆ ಒದ್ದೆ ಗೋಣಿ ಸುತ್ತಿ
ಲೈಟರು ಹುಡುಕಿ, ಸಿಕ್ಕಿದ ಮೇಲೆ ಕೆಳಗಿಟ್ಟೆ.
ರೊಮಿಜನನ್ನು ಓಣಿ ದಾಟಿಸಿದೆ:
‘ಆರು ಮೂಲೆಯ ಹದಿನೇಳರ ಗೋಟಿ ಕೇಳು.
ಯಾರಿಗೆ ಎಂದರೆ, ಕಾರಿಗೆ ಎನ್ನು.’

ಹುಡುಗ ಬಂದ. ಗೋಟಿ ಹಳೆಯ ಟವೆಲಿನಲ್ಲಿ ಸುತ್ತಿತ್ತು.
ಜೊತೆಗೊಂದು ಮಾತು:
‘ದೂಮನಿಗೆ ಹೇಳು,
ಬಿಚ್ಚುವ ಮೊದಲು ಸ್ವಲ್ಪ ಬಿಗಿ ಮಾಡಲಿ.’
ಯಾರಿಗೆಂದು ಕೇಳಲೇ ಇಲ್ಲ, ಎಂದ ರೊಮಿಜ್.

ಬಿಗಿ ಮಾಡಿದೆ. ಕೂದಲೆಳೆಯಷ್ಟು.
ಒಳಗೆಲ್ಲೋ ಟಿಕ್ ಎಂದಿತು
ಯಾರೋ ನೆಟಿಗೆ ಮುರಿದ ಹಾಗೆ.
ಈಗ ಹಿಂದಕ್ಕೆ.
ಕೆಂಪು ಗೆರೆ ಎರಡು ತುಂಡಾಯಿತು.
ಕಾಲು ಸುತ್ತು, ಎಣ್ಣೆ, ಮತ್ತೆ ಮುಂದೆ, ಮತ್ತೆ ಹಿಂದೆ,
ಕಿರ್ರೆನ್ನುತ್ತ, ಕೆಂಪು ಹಿಟ್ಟು ಉಗುಳುತ್ತ
ಬಂತು.
ತುದಿಯ ನಾಲ್ಕು ಎಳೆಗಳು ಮಾತ್ರ
ಅಂಗಡಿಯಿಂದ ತಂದ ದಿನದ ಹಾಗೇ ಇದ್ದವು.

ಹೊಸ ಡಿಸ್ಕು, ಹೊಸ ಪ್ಯಾಡು, ಹೊಸ ಬೋಲ್ಟು.
ಗೆರೆ ಎಳೆಯಲಿಲ್ಲ. ಆ ಶೀಶೆ ನನ್ನಲ್ಲಿಲ್ಲ.
ಸಂಜೆ ಹಮ್ದಾನ್ ಬಂದು
ಎರಡು ಸಲ ಬ್ರೇಕು ತುಳಿದು, ‘ತಮಾಮ್’ ಎಂದ.
ದುಡ್ಡಿನ ಮೇಲೆ ಒಂದು ಅಂಜಲನ್ನೂ ಕೊಟ್ಟ,
ನನಗೂ ರೊಮಿಜನಿಗೂ ತಿಂದು ಮುಗಿಯದಷ್ಟು ದೊಡ್ಡದು.

ಗೋಟಿ ಕೊಟ್ಟು ಬರಲೇ, ಎಂದ ಹುಡುಗ.
ಇರಲಿ, ಎಂದೆ.
ಪೆಟ್ರೋಲಿನಲ್ಲಿ ತೊಳೆದು ಅದೇ ಟವೆಲಿನಲ್ಲಿ ಸುತ್ತಿ
ಮೇಜಿನ ಮೇಲಿಟ್ಟಿದ್ದೇನೆ.
ಓಣಿಯ ಆಚೆ ಶಟರು ಇನ್ನೂ ಅರ್ಧ ತೆರೆದಿದೆ,
ಒಳಗೆ ದೀಪ.
ಗೋಟಿ ಎಷ್ಟು ದಿನವಾದರೂ ಕಾಯುತ್ತದೆ.
ಮೀನು ಕಾಯುವುದಿಲ್ಲ, ಈ ಸೆಕೆಗೆ.